ಕೈ ಕೊಯ್ಯದ ಚಾಕು

ತನ್ನನ್ನು ಮಾಡಿದವರ ಕೈಯನ್ನು ಯಾವ ಚಾಕುವೂ ಕೊಯ್ಯದು. ಹಾಗಾಗಿ ಹರಾಜು ಕಚೇರಿಯಲ್ಲಿ ಪರೀಕ್ಷೆ ಬಹಳ ಸುಲಭ. ಗುಮಾಸ್ತ ಒಂಬತ್ತು ಲಕ್ಷದ ಚೀಟಿ ಅಂಟಿಸಿ, "ಬೆರಳು ಇಡಿ ಆಚಾರ್ರೇ" ಎಂದ.

ಹೆಸರಾಂತ ಕಮ್ಮಾರ ಮೌನೇಶಾಚಾರಿ ತನ್ನ ಹೆಸರು ಕೆತ್ತಿದ ಅಲಗಿನ ಮೇಲೆ ಬೆರಳು ಎಳೆದ. ರಕ್ತ ಚಿಮ್ಮಿತು. ಗುಮಾಸ್ತ ಆಕಳಿಸುತ್ತ ಬ್ಯಾಂಡೇಜು ಕೊಟ್ಟ. ಬೆಳಗಿನಿಂದ ಅದು ಹದಿನಾಲ್ಕನೆಯದು.

"ಹಿಡಿ ಹಾಕಿದ್ದು ಮಾತ್ರ ಇವರೇ" ಎನ್ನುತ್ತ ಹೆಂಡತಿ ಕಾಳಮ್ಮ ಅದೇ ಅಲಗನ್ನು ಅಂಗೈಗೆ ಗಸಗಸ ಉಜ್ಜಿದಳು. ಒಂದು ಗೀರೂ ಬೀಳಲಿಲ್ಲ.

ಗುಮಾಸ್ತ ಚೀಟಿ ಕಿತ್ತು, ತೊಂಬತ್ತು ರೂಪಾಯಿ ಎಂದು ಬರೆದ.

"ಚಾಕು ಅದೇ ಅಲ್ವಾ ಸಾರ್?"

"ಚಾಕು ಅದೇ ಅಮ್ಮಾ. ಹೆಸರು ನಿಮ್ಮದಾಯ್ತಲ್ಲ."

ಕಾಳಮ್ಮ ಚಾಕುವನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಹಾಗಾದ್ರೆ ಒಂಬತ್ತು ಲಕ್ಷದ್ದನ್ನ ಇವರೇ ಮಾಡಿಕೊಡ್ತಾರೆ ಬಿಡಿ."