ಅವ್ವನ ಕೋಣೆಗೆ ನೆಟ್

ಅಡ್ಡಗೋಡೆಯಾಚೆಯಿಂದ ಅವ್ವನ ನಗು ಕೇಳಿಸಿತು. ಇಂದುಧರ ಟಿವಿಯ ಸದ್ದು ಏರಿಸಿದ. ತುತ್ತು ಇಲ್ಲಿ, ನಗು ಅಲ್ಲಿ.

ಹಾರನಹಳ್ಳಿಯ ಆ ಮನೆ ಪಾಲಾಗಿ ಆರು ವರ್ಷ. ನಡುಮನೆಗೆ ಗೋಡೆ ಎದ್ದಿತ್ತು. ಎರಡು ಬಾಗಿಲು, ಎರಡು ಮೀಟರು. ವೈರಿಂಗ್ ಬೇರೆ ಮಾಡಿಸುವಾಗ ನಿಂತು ನೋಡಿಕೊಂಡವನು ತಮ್ಮ ಚಿದಂಬರ. ಅವ್ವ ಶಿವಗಂಗಮ್ಮ ಉಳಿದದ್ದು ಹಿರಿಮಗ ಇಂದುಧರನ ಕಡೆ, ಹಿಂದಿನ ಕೋಣೆಯಲ್ಲಿ.

ಆ ಕೋಣೆಗೆ ವೈಫೈ ಮುಟ್ಟುತ್ತಿರಲಿಲ್ಲ, ಅಷ್ಟು ದಪ್ಪದ ಮಣ್ಣುಗೋಡೆ. ಮುಂದಿನ ಕೋಣೆಯಲ್ಲಿ ಕೂತು ಮಾತಾಡು ಅಂದರೆ ಅವ್ವ ಟಿವಿ ಗಲಾಟೆ ಅನ್ನುತ್ತಿದ್ದಳು. ಹಾಗಾಗಿ ದೂರದ ಊರಿನಲ್ಲಿದ್ದ ಮಗಳ ಜೊತೆ ವೀಡಿಯೊ ಕಾಲ್ ಎಂದು ಸಂಜೆಯಾದರೆ ಚಿದಂಬರನ ಮನೆಗೆ ಹೊರಡುತ್ತಿದ್ದಳು.

ಅವ್ವನ ಕೋಣೆಯಲ್ಲಿ ಹಗಲಿಡೀ ಫ್ಯಾನು, ಎರಡು ಹೊತ್ತು ಗೀಸರು. ಅವಳಿಗೆ ತಾನು ಯಾವುದಕ್ಕೂ ಕಡಿಮೆ ಮಾಡಿಲ್ಲ, ತಮ್ಮ ಮಾತ್ರ ಬಿಡಿಗಾಸು ಬಿಚ್ಚಿದವನಲ್ಲ ಎಂದು ಇಂದುಧರ ಊರೆಲ್ಲ ಹೇಳಿಕೊಂಡಿದ್ದ. ಆ ಕಡೆ ಗಂಡ ಹೆಂಡತಿ ಇಬ್ಬರೇ ಇದ್ದರೂ ತಮ್ಮನ ಮೀಟರು ತನ್ನದಕ್ಕಿಂತ ಜೋರಾಗಿ ಓಡುತ್ತಿತ್ತು. ಕಳ್ಳ, ಎಸಿ ಹಾಕಿಸಿ ಮೆರೆಯುತ್ತಿರಬೇಕು.

ಅವ್ವನ ಕೋಣೆಗೂ ನೆಟ್ ಬೇಕೆಂದು ಮರುದಿನವೇ ಅವನು ಅರಸೀಕೆರೆಯ ಚನ್ನೇಶನ ಎಲೆಕ್ಟ್ರಿಕಲ್ ಅಂಗಡಿ ಹೊಕ್ಕ. ಚನ್ನೇಶ್ ಪವರ್‌ಲೈನ್ ಅಡಾಪ್ಟರುಗಳನ್ನು ಮುಂದಿಟ್ಟ. ಜೋಡಿ ಡಬ್ಬಿ, ಒಂದು ರೂಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದು ಹಿಂದಿನ ಕೋಣೆಯ ಪ್ಲಗ್ಗಿಗೆ. ಕರೆಂಟಿನ ತಂತಿಯಲ್ಲೇ ನೆಟ್ ಹರಿಯುತ್ತದೆ. ಅಗ್ಗದ್ದಕ್ಕೆ ಕೇಬಲ್ ಬೇಕು, ಮೊಬೈಲಿಗಾದರೆ ವೈಫೈ ಇರುವುದೇ ಸರಿ ಎಂದ.

"ನನ್ನ ತಮ್ಮ ಯಾವ್ದು ತಗೊಂಡ?"

"ಅವ್ರು ಇದನ್ನ ತಗೊಂಡಿಲ್ಲ."

"ಹಂಗಾದ್ರೆ ಇರೋದ್ರಲ್ಲೇ ಒಳ್ಳೇದು ಕೊಡು."

ಎರಡೂ ಪ್ಲಗ್ಗು ಒಂದೇ ಮೀಟರಿನದಾಗಿರಬೇಕು ಎಂದು ಚನ್ನೇಶ್ ಎಚ್ಚರಿಸಿದ. ಇಂದುಧರನಿಗೆ ನಗು ಬಂತು. ತನ್ನ ಮನೆಗೆ ಇರುವುದೇ ಒಂದು ಮೀಟರು.

ಮನೆಗೆ ಬಂದು ಸಿಕ್ಕಿಸಿದರೆ ಡಬ್ಬಿಗಳು ಒಂದನ್ನೊಂದು ಗುರುತಿಸಲೇ ಇಲ್ಲ. ಎರಡನ್ನೂ ಮುಂದಿನ ಕೋಣೆಯಲ್ಲಿ ಹಾಕಿದರೆ ಹಸಿರು ದೀಪ. ಒಂದನ್ನು ಅವ್ವನ ಕೋಣೆಗೆ ಒಯ್ದರೆ ಕೆಂಪು. ಮೋಸದ ಮಾಲು ಎಂದು ಫೋನಿನಲ್ಲಿ ರೇಗಾಡಿದ್ದಕ್ಕೆ ಚನ್ನೇಶನೇ ಸ್ಕೂಟರ್ ಹತ್ತಿ ಬಂದ. ಬಂದವನೇ ಇಂದುಧರನ ಮೇನ್ ಸ್ವಿಚ್ ಇಳಿಸಿದ. ಟಿವಿ ನಿಂತಿತು. ಅಡುಗೆಮನೆ ಕತ್ತಲಾಯಿತು.

ಅವ್ವನ ಕೋಣೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು.

"ಪಾಲಾದಾಗಿಂದ ಈ ಕೋಣೆ ಕರೆಂಟು ಚಿದುಂದೇ ಕಣಪ್ಪ," ಎಂದಳು ಅವ್ವ. "ಅವ್ವನ್ನ ಅಣ್ಣ ಒಬ್ನೇ ಸಾಕ್ತಾ ಅವ್ನೆ ಅಂತ ಊರೋರು ಅನ್ಲಿ, ನೀನು ಬಾಯಿ ಬಿಡ್ಬೇಡ ಅಂದಿದ್ದ."