ಮೊನ್ನೆಗೆ ಎಚ್ಚರವಾದ ಸರ್ವರ್

“ನಮ್ಮನೆಯವಳನ್ನ ವಾರ್ಡಿಗೆ ಹಾಕಿದ್ದಾರಂತೆ, ಮೆಸೇಜ್ ಬಂತಪ್ಪಾ. ಸ್ವೆಟರ್ ತನ್ನಿ ಅಂತಿತ್ತು,” ಎನ್ನುತ್ತ ಮುದುಕರು ನೀಲಿ ಸ್ವೆಟರನ್ನು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಮೇಜಿನ ಮೇಲಿಟ್ಟರು.

ಪ್ರೋಗ್ರಾಮರ್ ಸ್ಕ್ರೀನಿನತ್ತ ಬಗ್ಗಿದ. ಆಸ್ಪತ್ರೆಯ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದ ಅಪ್ಲಿಕೇಶನ್ನನ್ನು ಕ್ಲೌಡಿಗೆ ಏರಿಸುವಾಗ, ರೀಸ್ಟಾರ್ಟ್ ಆದರೆ ಡಿಸ್ಕಿನಲ್ಲಿ ಹೊಸದೇನೂ ಉಳಿಯದ ಅಗ್ಗದ ಪ್ಲ್ಯಾನನ್ನು ಆರಿಸಿದ್ದವನು ಅವನೇ. ಬೆಳಿಗ್ಗೆ ಸರ್ವರ್ ರೀಸ್ಟಾರ್ಟ್ ಆಗಿ, ಮೊನ್ನೆಯ ಸ್ಥಿತಿಯನ್ನು ಇದ್ದಂತೆಯೇ ಉಳಿಸಿಟ್ಟಿದ್ದ ‘ಇಮೇಜ್’ ಫೈಲಿನಿಂದಲೇ ಎದ್ದು, ಮೊನ್ನೆಯ ಮೆಸೇಜುಗಳನ್ನೆಲ್ಲ ಮತ್ತೆ ಕಳಿಸಿತ್ತು. ಅದರ ಪಾಲಿಗೆ ನಿನ್ನೆ ನಡೆದೇ ಇರಲಿಲ್ಲ. ನಿನ್ನೆ ತೀರಿಕೊಂಡ ಮುದುಕರ ಹೆಂಡತಿ ಇನ್ನೂ ಸತ್ತಿರಲಿಲ್ಲ.

“ತಪ್ಪಾಗಿದೆ, ತಾತ,” ಎಂದ, ತಲೆ ಎತ್ತದೆ.

“ನಂಗೊತ್ತಿತ್ತು!” ಮುದುಕರ ಮುಖ ಅರಳಿತು. “ಸೋಂಕು ಅಂತ ನಿನ್ನೆ ಮುಖ ನೋಡೋಕೂ ಬಿಡ್ಲಿಲ್ಲ. ನಾವು ಮಣ್ಣು ಮಾಡಿದ್ದು ಬೇರೆ ಯಾರನ್ನೋ.” ಸ್ವೆಟರನ್ನು ಎತ್ತಿ ಎದೆಗೊತ್ತಿಕೊಂಡರು. “ನಡಿಯಪ್ಪಾ, ವಾರ್ಡ್ ತೋರ್ಸು. ಅವಳು ಚಳಿ ತಡ್ಕೊಳ್ಳಲ್ಲ.”