ನೇರಿಯೊನ ಮುಷ್ಕರ

ಕೆಂಪು ಕಾರು ಇಗರ್ಜಿಯ ಮುಂದೆ ಬಂದು ನಿಂತದ್ದೇ ತಡ, ಚೌಕದಲ್ಲಿ ಸೇರಿದ್ದ ಊರೆಲ್ಲ ಚಪ್ಪಾಳೆ ಹೊಡೆಯಿತು. ಎಪ್ಪತ್ತಾರರ ನೇರಿಯೊ ಎಂಜಿನ್ ಆರಿಸಿ, ಬಾಗಿಲು ತೆರೆದು, ಗತ್ತಿನಿಂದ ಎಡಗಾಲು ಹೊರಗಿಟ್ಟ. ಅಷ್ಟೇ. ಮಂಡಿ ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಸಲ ಎದ್ದ, ಅಂದರೆ ಏಳಲು ನೋಡಿದ. ಸೊಂಟದಲ್ಲಿ ಏನೋ ಕಳಕ್ ಎಂದಿತು. ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡು, ಬೇಕೆಂದೇ ಮಾಡಿದವನಂತೆ ಬಾಗಿಲು ಹಾಕಿಕೊಂಡ.

ಊರಿನ ಮಲ್ವೆತ್ತಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡಿದವನು ಅವನು. ಅಲ್ಲಿನ ಕಾರುಗಳೆಂದರೆ ನೆಲಕ್ಕೂ ಹೊಟ್ಟೆಗೂ ಒಂದು ಗೇಣು ಅಂತರ, ಕೂತರೆ ಮಲಗಿದ ಹಾಗೆ. ಅಂಥ ಮನೆತನದ ಕಾರ್ಖಾನೆ ಈಗ ಎಲ್ಲರಂತೆ ಎತ್ತರದ ಎಸ್‌ಯುವಿ ಮಾಡಿ, ಇವತ್ತೇ ಚೌಕದಲ್ಲಿ ಅನಾವರಣ ಇಟ್ಟುಕೊಂಡಿತ್ತು. ವಾರದಿಂದ ನೇರಿಯೊ ಬಾರಿನಲ್ಲಿ ಕೂತು ಕೆಂಡ ಕಾರುತ್ತಿದ್ದ. "ಅದು ಕಾರಲ್ಲ ಕಣ್ರಯ್ಯಾ, ಗಾಲಿ ಕಟ್ಟಿದ ಬಟ್ಟೆ ಬೀರು! ಅದರಲ್ಲಿ ನಾನು ಕೂತ ದಿನ ತೊರ್ತೆಲ್ಲೀನಿಗೆ ಕೆನೆ ಸುರ್ಕೊಂಡು ತಿಂತೀನಿ!" ಬಾರಿನಲ್ಲಿದ್ದವರು ಶಿಲುಬೆಯ ಗುರುತು ಮಾಡಿಕೊಂಡರು. ಆ ಸೀಮೆಯಲ್ಲಿ ತೊರ್ತೆಲ್ಲೀನಿ ಎಂಬ ಮಾಂಸದ ಪುಟ್ಟ ಕಡುಬನ್ನು ಸಾರಿನಲ್ಲಿ ತಿನ್ನದೆ ಕೆನೆಯಲ್ಲಿ ತಿನ್ನುವುದೆಂದರೆ ಹೆತ್ತ ತಾಯಿಯನ್ನು ಬೈದ ಹಾಗೆ. ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಬೀರಿನ ಪಕ್ಕದಲ್ಲೇ ನಿಜವಾದ ಕಾರು ಯಾವುದೆಂದು ತೋರಿಸಬೇಕೆಂದು, ತಾನೇ ಹಿಂದೆ ಪಳಗಿಸಿದ ಈ ಕೆಂಪು ಕಾರನ್ನು ಮ್ಯೂಸಿಯಮ್ಮಿನಿಂದ ಬೇಡಿ ತಂದಿದ್ದ. ಹತ್ತುವಾಗ ಅಲ್ಲಿನ ಇಬ್ಬರು ಆಳುಗಳು ರಟ್ಟೆ ಹಿಡಿದು ಇಳಿಬಿಟ್ಟಿದ್ದರು. ಏಳುವ ವಿಚಾರ ತಲೆಗೇ ಬಂದಿರಲಿಲ್ಲ.

ಹೆಂಡತಿ ಲೊರಿಯಾನ ಬಂದು ಕಿಟಕಿಗೆ ಬಗ್ಗಿದಳು. "ಏನೋ ಮಾರಾಯ, ಮೊಟ್ಟೆ ಇಡ್ತಿದ್ದೀಯಾ ಅಲ್ಲಿ? ಇಳಿ."

"ಮೆಲ್ಲಗೆ ಮಾತಾಡೇ. ಆಗ್ತಿಲ್ಲ."

"ಏನಾಗ್ತಿಲ್ಲ?"

"ಏಳಕ್ಕೆ."

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ನೇರಿಯೊನಿಗೆ ನಗು ಬರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಕಾರಿನ ಸಮೇತ ಒಳಗೆ ಹೋಗಲು ಅವನು ತಯಾರಿದ್ದ. ಈ ಸೀಟು ಒಂದು ಕಾಲಕ್ಕೆ ಅವನ ಮೈಗೆ ಅಳತೆ ಕೊಟ್ಟು ಹೊಲಿಸಿದ ಕೋಟಿನಂತಿತ್ತು. ಇವತ್ತು ಅದೇ ಸೀಟು, ಊರಿನೆದುರು ಅವನ ಮಾನ ತೆಗೆಯುತ್ತಿತ್ತು.

ಅಷ್ಟರಲ್ಲಿ ಕಾರ್ಮಿಕ ಸಂಘದ ಲೆಯಾರ್ಕೊ ಗುಂಪು ಸೀಳಿಕೊಂಡು ಬಂದ. ಬಾಗಿಲು ಹಾಕಿಕೊಂಡು ಅಲುಗಾಡದೆ ಕೂತ ಹಳೆಯ ಗೆಳೆಯನನ್ನು ನೋಡಿದ. ಐವತ್ತು ವರ್ಷ ಮುಷ್ಕರ ಮಾಡಿದ ಮನುಷ್ಯ, ಅವನಿಗೆ ಇನ್ನೇನು ಹೊಳೆಯಬೇಕು? ಕಣ್ಣು ತುಂಬಿ ಬಂತು.

"ಧರಣಿ!" ಎಂದು ಕೂಗಿದ. "ನಮ್ಮ ನೇರಿಯೊ ಧರಣಿ ಕೂತಿದ್ದಾನೆ ಕಣ್ರೋ! ಇಳಿಯೋದಿಲ್ಲ!"

ಇಳಿಯುವುದಿಲ್ಲ ಎಂಬುದಂತೂ ಸತ್ಯವೇ. ಎಲ್ಲಿಂದಲೋ ಕೆಂಪು ಬಾವುಟ ಬಂತು. ನಿವೃತ್ತರೆಲ್ಲ ಕಾರಿನ ಸುತ್ತ ನೆಲದ ಮೇಲೆ ಕುಕ್ಕರಿಸಿದರು. ಅವರಲ್ಲಿ ಮೂವರು ಮತ್ತೆ ಹೇಗೆ ಏಳುತ್ತಾರೋ ಎಂದು ನೇರಿಯೊನಿಗೆ ಒಳಗಿನಿಂದಲೇ ಚಿಂತೆಯಾಯಿತು. ವೇದಿಕೆಯಿಂದ ಕಾರ್ಖಾನೆಯ ನಿರ್ದೇಶಕ ಬೆವರೊರೆಸಿಕೊಳ್ಳುತ್ತ ಇಳಿದು ಬಂದ. ಅವನ ಹಿಂದೆ ಎತ್ತರದ ಗಾಡಿಯ ಸೀಟುಗಳನ್ನು ರೂಪಿಸಿದ ಹುಡುಗಿ ದಿಲೆತ್ತ.

"ನೇರಿಯೊ ಅವರೇ, ನಿಮಗೇನು ಬೇಕು ಹೇಳಿ."

ತನಗೆ ಬೇಕಾದದ್ದು ಎರಡು ಗಟ್ಟಿ ಕೈ ಎಂದು ನೇರಿಯೊ ಹೇಗೆ ಹೇಳಿಯಾನು? ಮೀಸೆಯಡಿಯಲ್ಲಿ ಏನೋ ಗೊಣಗಿದ. ಲೆಯಾರ್ಕೊ ಅದನ್ನು ಬೇಡಿಕೆಯಾಗಿ ಸಾರಿದ: "ನೇರಿಯೊ ಒಪ್ಪದೆ ಆ ಗಾಡಿ ಊರಲ್ಲಿ ಒಂದು ಸುತ್ತೂ ಹಾಕಕೂಡದು!"

"ಆಯ್ತು ಮಾರಾಯರೇ, ಒಪ್ಪಿದೆ," ಎಂದ ನಿರ್ದೇಶಕ. ಟೀವಿಯವರು ಕ್ಯಾಮೆರಾ ತಿರುಗಿಸಿ ಆಗಿತ್ತು.

ಈಗ ಇಳಿಯಲೇಬೇಕು. ನೇರಿಯೊ ಕಣ್ಣು ಮುಚ್ಚಿಕೊಂಡ. ಐವತ್ತೊಂದು ವರ್ಷ ಅವನ ಜೊತೆ ಬಾಳಿದ ಹೆಂಗಸು ಸುಮ್ಮನಿರುತ್ತಾಳೆಯೇ? ಲೊರಿಯಾನ ಕೈಚೀಲ ಮೇಲೆತ್ತಿ ಕಿರುಚಿದಳು: "ಗೆದ್ವಿ! ಗೆದ್ದವನನ್ನ ನಡೆಸಿಕೊಂಡು ಹೋಗ್ತಾರೇನ್ರೋ? ಎತ್ತಿ, ಹೆಗಲ ಮೇಲೆ ಎತ್ತಿ!"

ಆರು ಜನ ನುಗ್ಗಿದರು. ಕಂಕುಳಿಗೊಬ್ಬ, ಮಂಡಿಗೊಬ್ಬ, ಉಳಿದವರು ಸಿಕ್ಕಿದ್ದಕ್ಕೆ ಕೈ ಹಾಕಿ, ಬಾಟಲಿಯಿಂದ ಬೂಚು ಕಿತ್ತಂತೆ ಅವನನ್ನು ಹೊರಗೆ ಕಿತ್ತರು. ಚೌಕ ಮೊಳಗಿತು. ಪಾದ್ರಿ ಏನೆಂದುಕೊಂಡರೋ, ಗಂಟೆಯನ್ನೂ ಬಾರಿಸಿಬಿಟ್ಟರು. ಮೆರವಣಿಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಹೊತ್ತವರ ಉಸಿರು ಬಾಯಿಗೆ ಬಂದಿತ್ತು. ಅವರೂ ಎಪ್ಪತ್ತು ದಾಟಿದವರೇ.

"ನೆಲಕ್ಕಿಳಿಸಬೇಡ್ರೋ, ಸೊಂಟ!" ಎಂದಳು ಲೊರಿಯಾನ.

ದಿಲೆತ್ತ ಸದ್ದಿಲ್ಲದೆ ಎತ್ತರದ ಗಾಡಿಯ ಬಾಗಿಲು ತೆರೆದಳು. ಏದುಸಿರು ಬಿಡುತ್ತಿದ್ದವರು ಹಿಂದೆಮುಂದೆ ನೋಡದೆ ಅವನನ್ನು ಅದರೊಳಗೆ ಜಾರಿಸಿದರು.

ಸೊಂಟ ಸುಮ್ಮನಿತ್ತು. ಮಂಡಿ ಸುಮ್ಮನಿತ್ತು. ಬೈಯಲೆಂದು ಬಾಯಿ ತೆರೆದ ನೇರಿಯೊ ಸೀಟನ್ನು ತಟ್ಟಿ ನೋಡಿದ.

"ಈ ಸೀಟಿನ ಎತ್ತರ ಯಾರು ಅಳೆದದ್ದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನಾನೇ. ನಮ್ಮಜ್ಜಿಯ ಅಡುಗೆಮನೆ ಕುರ್ಚಿಯ ಎತ್ತರ ಇದು," ಎಂದಳು ದಿಲೆತ್ತ.

ಅವನು ಒಮ್ಮೆ ತಾನೇ ಇಳಿದ. ಯಾರೂ ಕೈ ಕೊಡಲಿಲ್ಲ. ತಾನೇ ಮತ್ತೆ ಹತ್ತಿ ಕೂತ. ಹತ್ತು ವರ್ಷ ಕಿರಿಯನಾದಂತಾಯಿತು. ಅದು ಅವನಿಗೆ ಸಂತೋಷವನ್ನೂ ಸಿಟ್ಟನ್ನೂ ಒಟ್ಟಿಗೇ ತಂದಿತು.

ಜನ ಊಟಕ್ಕೆ ಚದುರತೊಡಗಿದರು. "ಸಾಕು ಬಾ," ಎಂದಳು ಲೊರಿಯಾನ. "ಮನೇಲಿ ಸಾರು ಆರ್ತಿದೆ."

ನೇರಿಯೊ ಚೌಕದಲ್ಲಿ ನಿಂತಿದ್ದ ಕೆಂಪು ಕಾರಿನತ್ತ ಒಂದು ಸಲ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದ.

"ಒಂದು ಗಳಿಗೆ ತಡಿ. ಮುಷ್ಕರ ಇನ್ನೂ ಮುಗಿದಿಲ್ಲ ಅಂತ ಲೆಯಾರ್ಕೊಗೆ ಹೇಳು."

ಲೊರಿಯಾನ ಅವನನ್ನು ನೋಡಿದಳು, ಗಾಡಿಯನ್ನು ನೋಡಿದಳು, ಬಾರಿನ ಕಡೆ ತಿರುಗಿ ಇಡೀ ಚೌಕಕ್ಕೆ ಕೇಳುವಂತೆ ಕೂಗಿದಳು:

"ಏನ್ರೋ, ಒಳಗೆ ಕೆನೆ ಇದ್ಯಾ?"